ಸಹಾಯ ಬೇಕು: ಈ ಕಪ್ಪು ಥ್ರಿಪ್ಸ್ ಯಾವುದು?

ನಮಸ್ಕಾರ. ನಾನು ಚಿಕ್ಕಬಳ್ಳಾಪುರದವನು. ನಂದಿ ಬೆಟ್ಟದ ತಪ್ಪಲಿನ ಒಂದು ಕಾಡುಪೊದೆಯಲ್ಲಿ ಎಲೆಗಳು ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡಿವೆ. ಬಿಚ್ಚಿ ನೋಡಿದರೆ ಒಳಗೆ ಕಪ್ಪು ಥ್ರಿಪ್ಸ್ (ಪುಟ್ಟ ರಸ ಹೀರುವ ಕೀಟ), ಜೊತೆಗೆ ಹಳದಿ ಮರಿಗಳು. ಎರಡೇ ಮಿಲಿಮೀಟರ್ ಇರಬಹುದು. ಬಾಲದ ತುದಿ ಕೊಳವೆಯಂತಿದೆ, ಹಾಗಾಗಿ ಟ್ಯುಬುಲಿಫೆರಾ ಗುಂಪಿನದು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು!

ಗೆಳೆಯ ಆಗಲೇ ಹೊಸ ಪ್ರಭೇದ ಅಂತ ಕುಣಿಯುತ್ತಿದ್ದಾನೆ. ನನಗೆ ಅನುಮಾನ. ಫೈಕಸ್ (ಆಲ, ಅತ್ತಿಗಳ ಕುಲ) ಗಿಡದ ಎಲೆ ಮಡಚುವ ಗೈನೈಕೋಥ್ರಿಪ್ಸ್ ಊಝೆಲಿ ಹಳೆಯ ಪರಿಚಯವೇ ಅಲ್ವಾ? ಆದರೆ ಈ ಪೊದೆ ಫೈಕಸ್ ಅಲ್ಲ, ಕಿತ್ತರೆ ಹಾಲು ಬರುವುದಿಲ್ಲ.

ಪೊದೆಯ ಹೆಸರು ಗೊತ್ತಾಗಲು ಹೂ ಬಿಡುವವರೆಗೆ ಕಾಯಬೇಕಾ? ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟಿನಲ್ಲಿ ಮೈಕ್ರೋಸ್ಕೋಪ್ ಸ್ಲೈಡ್ ಮಾಡುವಾಗ ಮೀಸೆ ಮುರಿಯದಂತೆ, ರೆಕ್ಕೆ ಬಿಡಿಸಿಕೊಳ್ಳುವಂತೆ ಹೇಗೆ ಮಾಡುತ್ತೀರಿ? ನಾಲ್ಕು ಹುಳ ಆಗಲೇ ಹಾಳಾಗಿವೆ. ಉಳಿದವು ಆಲ್ಕೋಹಾಲಿನಲ್ಲಿವೆ. ಸ್ಲೈಡ್ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.