ಅಪ್‌ಡೇಟ್: ಅಜ್ಜಿಯ ಫೋಟೋ ಕೊನೆಗೂ ಬಂತು

ಫ್ಲ್ಯಾಶ್ ಹಾಕಿದರೆ ಅಜ್ಜಿಯ ಮುಖ ಸಪಾಟಾಗಿ ಕಾಣುತ್ತದೆ, ಭಾವನೆಯೇ ಬರುವುದಿಲ್ಲ ಎಂದು ಕೇಳಿದ್ದೆ. ಕಿಟಕಿ ಬೆಳಕು ಬಳಸಿ ಎಂದಿದ್ದಿರಿ. ತುಂಬಾ ಥ್ಯಾಂಕ್ಸ್!

ಟ್ಯೂಬ್‌ಲೈಟ್ ಆರಿಸಿ, ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿ, ಮುಖವನ್ನು ಸ್ವಲ್ಪವೇ ಬೆಳಕಿನ ಕಡೆ ತಿರುಗಿಸಲು ಹೇಳಿದೆ. ನೆರಳಿನ ಬದಿಯ ಕೆನ್ನೆ ಮೇಲೆ, ಕಣ್ಣಿನ ಕೆಳಗೆ, ಪುಟ್ಟ ತ್ರಿಕೋನದಷ್ಟು ಬೆಳಕು ಬಿತ್ತು. ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನ ಬೆಳಕಿನ ಶೈಲಿ, ರೆಂಬ್ರಾಂಟ್ ಲೈಟಿಂಗ್ ಅಂದರೆ ಇದೇ ಅಲ್ವಾ? ಎಕ್ಸ್‌ಪೋಶರ್ 1 ಸ್ಟಾಪ್ ಇಳಿಸಿದೆ, ಅಂದರೆ ಫೋಟೋಗೆ ಸಿಗುವ ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಹಿಂದಿನ ಗೋಡೆ ಕತ್ತಲಾಯಿತು, ಸುಕ್ಕುಗಳು ಒಂದೊಂದೂ ಎದ್ದು ಬಂದವು.

ಬಿಳಿ ಪಂಚೆ ಹಿಡಿದು ನೆರಳು ತಿಳಿ ಮಾಡಿಯೂ ನೋಡಿದೆ. ಮುಖ ಸ್ಪಷ್ಟವಾಯಿತು, ಆದರೆ ಆ ಮೌನ ಹೋಯಿತು. ಪಂಚೆ ತೆಗೆದೆ. ತಾತನ ಮಾತು ಬಂದಾಗ ಅಜ್ಜಿ ಸುಮ್ನೆ ಹೊರಗೆ ನೋಡಿದರು. ಆಗ ಕ್ಲಿಕ್ಕಿಸಿದೆ. ಕಣ್ಣಲ್ಲಿ ಕಿಟಕಿಯ ಸರಳುಗಳೂ ಕಾಣುತ್ತಿವೆ.