ಪದಚರ್ಚೆ: ‘ಮಾರನೇ ದಿನದ ಮಾತ್ರೆ’, ‘ನರ’, ‘ಗುಪ್ತರೋಗ’ – ಕಾಲೇಜು ಕೈಪಿಡಿಗೆ ಯಾವ ಮಾತು?

ಪ್ರಶ್ನೆ:

ಪದವಿ ಕಾಲೇಜಿನ ಮಕ್ಕಳಿಗಾಗಿ ಲೈಂಗಿಕ ಮತ್ತು ಪ್ರಜನನ ಆರೋಗ್ಯದ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನ ನಾಲ್ಕು ಕಡೆ ಪದ ಕೈಕೊಡುತ್ತಿದೆ. ಸಂಭೋಗದ ನಂತರ ನುಂಗುವ ಮಾತ್ರೆಯನ್ನು ‘ಮಾರನೇ ದಿನದ ಮಾತ್ರೆ’ ಎಂದಿದ್ದೇವೆ, ಸರಿಯೇ? ಗಂಡಸರ ಆಪರೇಷನ್ನಿಗೆ ‘ನರ ಕತ್ತರಿಸುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಕರಡು ನೋಡಿದ ವೈದ್ಯರು ಒಪ್ಪುತ್ತಿಲ್ಲ. ‘ಗರ್ಭಪಾತ’, ‘ಗರ್ಭಸ್ರಾವ’ ಒಂದೇಯೋ ಬೇರೆಯೋ? ‘ಗುಪ್ತರೋಗ’ಕ್ಕೆ ಬದಲಿ ಪದ ಇದೆಯೇ? ನಿಘಂಟಿನ ಸಂಸ್ಕೃತ ಪದ ತಂದು ಹೇರುವ ಮನಸ್ಸಿಲ್ಲ.

ಉತ್ತರ:

‘ಮಾರನೇ ದಿನದ ಮಾತ್ರೆ’ ಖಂಡಿತ ಬೇಡ. ಅದನ್ನು ಓದಿದ ಹುಡುಗಿ ಬೆಳಗಾಗುವವರೆಗೆ ಕಾಯಬೇಕೆಂದುಕೊಳ್ಳುತ್ತಾಳೆ. ಇಲ್ಲವೇ ಎರಡು ದಿನ ಕಳೆದುಹೋಗಿದ್ದರೆ ಇನ್ನು ಪ್ರಯೋಜನವಿಲ್ಲ ಎಂದು ಸುಮ್ಮನಾಗುತ್ತಾಳೆ. ಎರಡೂ ತಪ್ಪು. ಲಿವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಆ ಒಂದು ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಅದೇ ರಾತ್ರಿಯಾದರೂ ಆಗಬಹುದು. ಮೊದಲ ಸಲ ‘ತುರ್ತು ಗರ್ಭನಿರೋಧಕ ಮಾತ್ರೆ’ ಎಂದು ಪೂರ್ತಿ ಬರೆದು, ಮುಂದೆ ‘ತುರ್ತು ಮಾತ್ರೆ’ ಎಂದರೆ ಸಾಕು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು ಎಂಬುದನ್ನೂ ಪಕ್ಕದಲ್ಲೇ ಹಾಕಿ. ಅದು ಆಗಿಹೋದ ಸಂಭೋಗಕ್ಕೆ ಮಾತ್ರ, ಮುಂದಿನದಕ್ಕೆ ಕಾವಲಲ್ಲ ಎಂದು ಬಿಡಿಸಿ ಹೇಳದಿದ್ದರೆ ಹೆಸರಿನಿಂದ ಅದು ತಾನಾಗಿ ಹೊಳೆಯುವುದಿಲ್ಲ.

ನಿಜವಾದ ತಂಟೆ ‘ಮಾತ್ರೆ’ ಎಂಬ ಪದದಲ್ಲೇ ಇದೆ. ‘ಅವಳು ಮಾತ್ರೆ ತಗೊಂಡ್ಲಂತೆ’ ಎಂದರೆ ಕನ್ನಡದಲ್ಲಿ ನಾಲ್ಕು ಅರ್ಥ. ನಿತ್ಯ ನುಂಗುವ ಮಾಲಾ-ಎನ್ ಇರಬಹುದು, ವಾರದ ಛಾಯಾ ಇರಬಹುದು, ತುರ್ತು ಮಾತ್ರೆ ಇರಬಹುದು, ಗರ್ಭ ತೆಗೆಸುವ ಮಾತ್ರೆಯೂ ಇರಬಹುದು. ತುರ್ತು ಮಾತ್ರೆ ಅಂಡ ಬಿಡುಗಡೆಯಾಗುವುದನ್ನು ಮುಂದೂಡಿ ಗರ್ಭ ನಿಲ್ಲದಂತೆ ನೋಡಿಕೊಳ್ಳುತ್ತದೆ, ಆಗಲೇ ನಿಂತ ಗರ್ಭಕ್ಕೆ ಏನೂ ಮಾಡದು. ಗರ್ಭ ತೆಗೆಸುವುದು ಬೇರೆಯದೇ ಔಷಧಿ. ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್, ಅದೂ 9 ವಾರದೊಳಗೆ, ವೈದ್ಯರ ಚೀಟಿಯ ಮೇಲೆ. ಆದ್ದರಿಂದ ಕೈಪಿಡಿಯಲ್ಲಿ ಬರಿಯ ‘ಮಾತ್ರೆ’ ಒಂಟಿಯಾಗಿ ಎಲ್ಲೂ ಬರಬಾರದು. ನಿತ್ಯದ ಮಾತ್ರೆ, ವಾರದ ಮಾತ್ರೆ, ತುರ್ತು ಮಾತ್ರೆ, ಗರ್ಭಪಾತದ ಮಾತ್ರೆ ಎಂದು ಪ್ರತಿಸಲವೂ ಬಾಲ ಹಚ್ಚಿ.

ನಿತ್ಯದ ಮಾತ್ರೆಯಲ್ಲಿ ಒಂದು ಸೂಕ್ಷ್ಮ. ಮಾಲಾ-ಎನ್ ಸ್ಟ್ರಿಪ್ಪಿನಲ್ಲಿ 28 ಇರುತ್ತವೆ. 21 ಹಾರ್ಮೋನಿನವು, ಬೇರೆ ಬಣ್ಣದ 7 ಕಬ್ಬಿಣಾಂಶದವು. ಮುಟ್ಟು ಬರುವುದು ಆ ಏಳು ದಿನಗಳಲ್ಲಿ. ‘ಮುಟ್ಟಾದಾಗ ನಿಲ್ಲಿಸಿ, ಆಮೇಲೆ ಶುರು ಮಾಡಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಹೊಸ ಸ್ಟ್ರಿಪ್ ತಡವಾಗುತ್ತದೆ, ಗರ್ಭ ನಿಲ್ಲುವುದು ಅಂಥ ಸಂದಿಯಲ್ಲೇ. ‘ಮುಗಿದ ಮಾರನೇ ದಿನವೇ ಹೊಸದು, ಮುಟ್ಟು ನಡೆಯುತ್ತಿದ್ದರೂ’ ಎಂದು ಬರೆಯಿರಿ. ಛಾಯಾಕ್ಕೆ ‘ವಾರದ ಮಾತ್ರೆ’ ಎಂಬ ಹೆಸರೂ ಪೂರ್ತಿ ನಿಜವಲ್ಲ. ಮುಟ್ಟಿನ ಮೊದಲ ದಿನ ಒಂದು, ಅಲ್ಲಿಂದ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರುವಾದರೆ ಭಾನುವಾರ-ಬುಧವಾರ, ನಾಲ್ಕನೇ ತಿಂಗಳಿಂದ ಬರೀ ಭಾನುವಾರ.

ಇನ್ನು ‘ನರ’. ನಿಮ್ಮ ವೈದ್ಯರ ತಕರಾರು ನ್ಯಾಯವಾದದ್ದೇ. ಆಡುಗನ್ನಡದಲ್ಲಿ ರಕ್ತನಾಳವೂ ನರ, ಸ್ನಾಯುವಿನ ಎಳೆಯೂ ನರ, ಮಿದುಳಿಂದ ಬರುವ ತಂತುವೂ ನರ. ‘ನರ ಕಟ್ ಮಾಡ್ತಾರೆ’ ಎಂದೊಡನೆ ಕೇಳುವವನ ತಲೆಯಲ್ಲಿ ನರದೌರ್ಬಲ್ಯದ ಜಾಹೀರಾತುಗಳೆಲ್ಲ ಸಾಲುಗಟ್ಟುತ್ತವೆ, ಗಂಡಸುತನವೇ ಹೋಯಿತು ಎಂದು ಹಿಂದೆ ಸರಿಯುತ್ತಾನೆ. ಅಲ್ಲಿ ಕತ್ತರಿಸಿ ಕಟ್ಟುವುದು ವೀರ್ಯಾಣು ಸಾಗುವ ಎರಡು ಸಣ್ಣ ಕೊಳವೆಗಳನ್ನು. ನಿಮಿರುವಿಕೆಯ ನರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ವೀರ್ಯಾಣು ಕೊಳವೆ’ ಎಂದೇ ಬರೆಯಿರಿ, ಕೊಳವೆ ಯಾರಿಗೂ ಅರ್ಥವಾಗದ ಪದವಲ್ಲ.

ಇದೇ ವಾಕ್ಯದಲ್ಲಿ ಇನ್ನೊಂದು ಜೋಡಿ ಎಡವುತ್ತದೆ: ವೀರ್ಯ ಮತ್ತು ವೀರ್ಯಾಣು. ಹಲವು ಕರಪತ್ರಗಳಲ್ಲಿ ಎರಡನ್ನೂ ಒಂದರ ಬದಲು ಒಂದು ಬಳಸುತ್ತಾರೆ. ‘ಆಪರೇಷನ್ ಆದಮೇಲೆ ವೀರ್ಯ ಬರುವುದಿಲ್ಲ’ ಎಂದು ಅಚ್ಚಾದರೆ ಅದು ಸುಳ್ಳು. ಹೊರಬರುವ ದ್ರವದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯದು, ಅದು ಎಂದಿನಂತೆ ಬರುತ್ತದೆ. ಇಲ್ಲವಾಗುವುದು ಕಣ್ಣಿಗೆ ಕಾಣದ ವೀರ್ಯಾಣು ಮಾತ್ರ. ಅದೂ ಆ ದಿನವೇ ಅಲ್ಲ. ಕೊಳವೆಯ ಮುಂದಿನ ಭಾಗದಲ್ಲಿ ಉಳಿದದ್ದು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಮೂರು ತಿಂಗಳನ್ನು ಲೆಕ್ಕಕ್ಕಿಡದೆ ‘ಆಪರೇಷನ್ ಫೇಲ್ ಆಯ್ತು’ ಎಂದು ಹೆಂಡತಿಯನ್ನು ಅನುಮಾನಿಸಿದ ಪ್ರಕರಣಗಳಿಗೆ ಪದದ ಗೊಂದಲವೂ ಒಂದು ಕಾರಣ. ಸರ್ಕಾರಿ ಪದ ‘ಸಂತಾನಹರಣ ಶಸ್ತ್ರಚಿಕಿತ್ಸೆ’. ಹರಣ ಎಂದರೆ ನಮಗೆ ಸೀತೆ ನೆನಪಾಗುತ್ತಾಳೆ. ಆದರೆ ಆಸ್ಪತ್ರೆಯ ನಮೂನೆಗಳಲ್ಲಿ ಅದೇ ಇರುವುದರಿಂದ ಒಮ್ಮೆ ಹೇಳಿಟ್ಟರೆ ಸಾಕು.

ಗರ್ಭಪಾತ, ಗರ್ಭಸ್ರಾವ: ಆಯುರ್ವೇದದ ಹಳೆಯ ವಿಂಗಡಣೆ ತಿಂಗಳಿನದು. ನಾಲ್ಕು ತಿಂಗಳವರೆಗೆ ಆದರೆ ಸ್ರಾವ, ಐದು-ಆರರಲ್ಲಿ ಆದರೆ ಪಾತ. ತಾನಾಗಿ ಆಯಿತೋ ಮಾಡಿಸಿದ್ದೋ ಎಂಬ ಭೇದ ಅಲ್ಲಿಲ್ಲ. ಇಂದು ಪತ್ರಿಕೆಗಳು ‘ಗರ್ಭಪಾತ’ವನ್ನು ಎರಡಕ್ಕೂ ಬಳಸುತ್ತವೆ. ಕ್ರಿಯಾಪದದ ವಿಷಯದಲ್ಲಿ ಮಾತ್ರ ನಮ್ಮ ಆಡುಮಾತು ಶಾಸ್ತ್ರಕ್ಕಿಂತ ಚುರುಕು: ‘ಬಸಿರು ಇಳೀತು’ ಎಂದರೆ ತಾನಾಗಿ ಆದದ್ದು, ‘ಇಳಿಸಿದ್ರು’, ‘ತೆಗೆಸಿದ್ರು’ ಎಂದರೆ ಮಾಡಿಸಿದ್ದು. ಒಂದು ‘ಇಸು’ ಪ್ರತ್ಯಯ ಕೆಲಸ ಮುಗಿಸುತ್ತದೆ. ಕೈಪಿಡಿಯಲ್ಲಿ ‘ತಾನಾಗಿ ಆದ ಗರ್ಭಪಾತ’, ‘ಮಾಡಿಸಿಕೊಂಡ ಗರ್ಭಪಾತ’ ಎಂದು ಹಾಕಬಹುದು.

‘ಭ್ರೂಣಹತ್ಯೆ’ ಮಾತ್ರ ಈ ಅಧ್ಯಾಯದಲ್ಲಿ ನುಸುಳದಿರಲಿ. ಅದು ಹೆಣ್ಣೆಂದು ಪತ್ತೆಮಾಡಿ ತೆಗೆಸುವುದರ ವಿರುದ್ಧದ ಪ್ರಚಾರದ ಪದ, ಲಿಂಗಪತ್ತೆ ತಡೆಯುವ ಆ ಕಾನೂನು 1994ರದು. ವೈದ್ಯಕೀಯ ಗರ್ಭಪಾತದ ಕಾಯ್ದೆ 1971ರದು, ಬೇರೆಯೇ. ಎರಡನ್ನು ಬೆರೆಸಿದರೆ ಗರ್ಭಪಾತವೆಲ್ಲ ಅಪರಾಧ ಎಂದು ಹುಡುಗಿ ಕದ್ದುಮುಚ್ಚಿ ಔಷಧಿ ಹುಡುಕುತ್ತಾಳೆ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ನಿಯಮದಲ್ಲಿ ಹೇಳಿದ ಕೆಲವು ವರ್ಗಗಳಿಗೆ 24 ವಾರದವರೆಗೆ ಇಬ್ಬರದು. ಗರ್ಭನಿರೋಧಕ ವಿಫಲವಾದ ಸಂದರ್ಭದ ವಿವರಣೆಯಲ್ಲಿ ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಇದ್ದದ್ದು ‘ಮಹಿಳೆ ಅಥವಾ ಆಕೆಯ ಸಂಗಾತಿ’ ಆಗಿದೆ. ಹಳೆಯ ಕರಪತ್ರದಿಂದ ‘ವಿವಾಹಿತ’ವನ್ನು ಎತ್ತಿಕೊಂಡಿದ್ದರೆ ತೆಗೆದುಬಿಡಿ. 18 ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು, ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ನೀವು ಕೇಳದ ಒಂದು ಮಾತು: ತಿಂಗಳ ಲೆಕ್ಕ. ‘ಮೂರು ತುಂಬಿ ನಾಲ್ಕಕ್ಕೆ ಬಿದ್ದಿದೆ’ ಎನ್ನುವುದು ನಮ್ಮ ಎಣಿಕೆ. ಕೆಲವರು ನಡೆಯುತ್ತಿರುವ ತಿಂಗಳು ಹೇಳುತ್ತಾರೆ, ಕೆಲವರು ತುಂಬಿದ್ದನ್ನು. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಒಂದನೇ ತಾರೀಖು ಮುಟ್ಟಾಗಿ, ಹದಿನೈದಕ್ಕೆ ಸಂಭೋಗವಾಗಿ, ಇಪ್ಪತ್ತೊಂಬತ್ತಕ್ಕೆ ಪರೀಕ್ಷೆ ಮಾಡಿಸಿದವಳು ತನ್ನ ಲೆಕ್ಕದಲ್ಲಿ ಎರಡು ವಾರ ಎನ್ನುತ್ತಾಳೆ, ಚೀಟಿಯಲ್ಲಿ ನಾಲ್ಕು ವಾರ ಎಂದಿರುತ್ತದೆ. 9 ವಾರದ ಗಡಿಯಲ್ಲಿ ಈ ಎರಡು ವಾರ ದೊಡ್ಡದು. ಹಾಗೆಯೇ ‘ಮುಟ್ಟು ನಿಂತಿದೆ’ ಎಂದರೆ ವಯಸ್ಸಾಗಿ ನಿಂತದ್ದೂ ಆಗುತ್ತದೆ, ಬಸಿರಿಗೆ ‘ಮುಟ್ಟು ತಪ್ಪಿದೆ’ ಎನ್ನಿ.

‘ಗುಪ್ತರೋಗ’ ಗೋಡೆಬರಹದ ಪದ. ಅದನ್ನು ಹಿಡಿದು ಹೊರಟವನು ತಲುಪುವುದು ಲಾಡ್ಜಿನ ಕೋಣೆಯಲ್ಲಿ ಕೂತ ‘ತಜ್ಞ’ರನ್ನು. ಸರ್ಕಾರಿ ಆಸ್ಪತ್ರೆಯ ಫಲಕದಲ್ಲಿ ಇರುವುದು ‘ಚರ್ಮ ಮತ್ತು ಲೈಂಗಿಕ ರೋಗ ವಿಭಾಗ’, ‘ಸುರಕ್ಷಾ ಕ್ಲಿನಿಕ್’. ಎಚ್‌ಐವಿ ಪರೀಕ್ಷೆಗೆ ‘ಐಸಿಟಿಸಿ’, 19ರವರೆಗಿನವರಿಗೆ ‘ಸ್ನೇಹ ಕ್ಲಿನಿಕ್’. ಫಲಕದಲ್ಲಿರುವ ಪದವೇ ಕೈಪಿಡಿಯಲ್ಲೂ ಇರಲಿ. ವಿವರಣೆಗೆ ‘ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು’. ‘ರೋಗ’ಕ್ಕಿಂತ ‘ಸೋಂಕು’ ಮೇಲು, ಏಕೆಂದರೆ ಲಕ್ಷಣವೇ ಕಾಣದೆ ಹರಡುವುದು ಬಹಳ.

ಇನ್ನೊಂದು ಉತ್ತರ:

ಮೇಲಿನದಕ್ಕೆ ಒಂದೇ ಸೇರಿಕೆ, ‘ವಂಕಿ’. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ಆಶಾ ಕಾರ್ಯಕರ್ತೆಯರೂ ದಾದಿಯರೂ ಹೇಳುವುದು ಇದನ್ನೇ: ‘ವಂಕಿ ಹಾಕಿಸ್ಕೊಂಡಿದೀರಾ?’ ಕಾಲೇಜು ಹುಡುಗಿಗೆ ವಂಕಿ ಎಂದರೆ ತೋಳಿನ ಒಡವೆ. ವಂಕಿ ಎಂದರೆ ಬಾಗಿದ್ದು. 1960ರ ದಶಕದಲ್ಲಿ ಬಂದ ಲೂಪ್ ಹಾವಿನಂತೆ ಬಾಗಿ ಬಾಗಿ ಇತ್ತು, ಅದಕ್ಕೆ ಹೆಸರು ಹೊಂದುತ್ತಿತ್ತು. ಈಗಿನದು ನೆಟ್ಟಗೆ ಇಂಗ್ಲಿಷಿನ ಟಿ ಆಕಾರ, ಆದರೂ ಹಳೆಯ ಹೆಸರು ಉಳಿದಿದೆ. ಎರಡನ್ನೂ ಜೊತೆಯಲ್ಲಿ ಕೊಡಿ: ‘ಕಾಪರ್-ಟಿ, ಅಂದರೆ ವಂಕಿ’. 380ಎ ಮಾದರಿ 10 ವರ್ಷ, 375 ಮಾದರಿ 5 ವರ್ಷ. ಬೇಡವಾದಾಗ ತೆಗೆಸಬಹುದು. ಸಂಭೋಗವಾದ 5 ದಿನದೊಳಗೆ ಹಾಕಿಸಿದರೆ ಇದೂ ತುರ್ತು ಗರ್ಭನಿರೋಧಕವೇ, ಹಾಗಾಗಿ ‘ತುರ್ತು’ ಎಂಬ ತಲೆಬರಹದ ಕೆಳಗೆ ಮಾತ್ರೆಯೊಂದನ್ನೇ ಬರೆದು ನಿಲ್ಲಿಸಬೇಡಿ.