ನಾಗಮಂಗಲ ಕಡೆ ನರೇಗಾ ಕೆಲ್ಸ ಕೇಳಿದ್ರೆ "ಆಮೇಲ್ ಬಾ" ಅಂತಾರೆ, ಏನ್ ಮಾಡೋದು?

ನಮ್ಮಣ್ಣಂಗೆ ಬೆಂಗ್ಳೂರಲ್ಲಿ ಗಾರ್ಮೆಂಟ್ಸ್ ಕೆಲ್ಸ ಹೋಗಿ ಎರಡು ವರ್ಷ ಆಯ್ತು, ಊರಿಗೆ ಬಂದು ಜಗಲಿ ಮೇಲೆ ಸುಮ್ನೆ ಕೂತವ್ನೆ, ನೋಡಕ್ಕಾಗಲ್ಲ. ಪಂಚಾಯ್ತಿಗೆ ಮೂರು ಸಲ ಹೋದ್ವಿ. ದಾರಿ ಗೊತ್ತಿದ್ರೆ ಹೇಳಿ.

ಮದ್ದೂರಿನವ: ಬಾಯಲ್ಲಿ ಕೇಳ್ಬೇಡಿ ಬ್ರದರ್. ನಮೂನೆ 6 (ಕೆಲ್ಸ ಕೇಳೋ ಅರ್ಜಿ) ತುಂಬಿ ಕೊಟ್ಟು ತಾರೀಖು ಇರೋ ಸ್ವೀಕೃತಿ ಇಸ್ಕೊಳ್ಳಿ, ಅದೇ ಮುಖ್ಯ. ಅಲ್ಲಿಂದ 15 ದಿನದೊಳಗೆ ಕೆಲ್ಸ ಕೊಡ್ಲಿಲ್ಲ ಅಂದ್ರೆ ನಿರುದ್ಯೋಗ ಭತ್ಯೆ ಕೊಡ್ಬೇಕು ಅಂತ 2005ರ ಕಾಯ್ದೇಲೇ ಇದೆ, ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಆ ಕಾಯ್ದೇಲಿ ವರ್ಷಕ್ಕೆ 100 ದಿನ ಕೆಲ್ಸ ಅಂದಿದ್ದು ತಲೆಗಲ್ಲ, ಇಡೀ ಮನೆಗೆ.

ಕೆರೆ ಏರಿ: ಹೋದ್ ಬೇಸಿಗೇಲಿ ನಾನು ಕೆರೆ ಹೂಳು ಎತ್ತಕ್ಕೆ ಹೋಗಿದ್ದೆ. ಕಾಯಕ ಬಂಧು (ಕೆಲ್ಸದ ಜಾಗದಲ್ಲಿ ಮೇಸ್ತ್ರಿ ಇದ್ದಂಗೆ) ಮೊಬೈಲಲ್ಲಿ ಫೋಟೋ ಹೊಡ್ದು ಹಾಜರಿ ಹಾಕ್ಬೇಕು, ನೆಟ್‌ವರ್ಕ್ ಸಿಗ್ದೆ ಏರಿ ಮೇಲೆ ಫೋನ್ ಎತ್ಕೊಂಡು ನಿಂತಿರೋರು, ನಾವೆಲ್ಲ ಮಂಕರಿ ಹಿಡ್ಕೊಂಡು ಬಿಸ್ಲಲ್ಲಿ ಕಾಯೋದು. ಆದ್ರೂ 2025-26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡು ಹೆಣ್ಣು ಇಬ್ರಿಗೂ ಒಂದೇ, ಗದ್ದೆ ಕೆಲ್ಸದಲ್ಲಿ ಹೆಂಗಸ್ರಿಗೆ ಯಾರ್ ಕೊಡ್ತಾರೆ ಹಂಗೆ? ಖಾತೆಗೆ ಆಧಾರ್ ಲಿಂಕ್ ಇದ್ಯಾ ನೋಡ್ಕೊಳ್ಳಪ್ಪ, ನಂದು ಅದಕ್ಕೇ ದುಡ್ಡು ತಡ ಆಯ್ತು.

ಕೇಳಿದವನು: ಸ್ವೀಕೃತಿ ವಿಷ್ಯ ಗೊತ್ತೇ ಇರ್ಲಿಲ್ಲ ಅಕ್ಕ, ಅಣ್ಣ. ನಮ್ಮಣ್ಣನ ಹೆಸರು ಅಪ್ಪನ ಜಾಬ್ ಕಾರ್ಡಲ್ಲೇ ಇದೆ. ಸೋಮವಾರ ಕರ್ಕೊಂಡ್ ಹೋಗ್ತೀನಿ.